ಬ್ರಿಗ್ಸ್ ಎಂಬ ಬ್ಲೌಸ್ ಪೀಸು

ಎಲ್ಲದಕ್ಕೂ ಕಾರಣ ಬ್ರಿಗ್ಸ್‌ನ ಎಡಗಾಲಿನ ಮಂಡಿ. ಏಳಡಿ ಎತ್ತರದ ಆ ಬ್ಯಾಸ್ಕೆಟ್‌ಬಾಲ್ ಆಟಗಾರ ಗುರುವಾರದ ಪಂದ್ಯದಲ್ಲಿ ಎಗರಿ ಬಿದ್ದ. ಶುಕ್ರವಾರ ಬೆಳಿಗ್ಗೆ ಅಮೆರಿಕದ ಆಶ್‌ಬರ್ನ್‌ನ ಟೌನ್‌ಹೌಸಿನಲ್ಲಿ ಹಲ್ಲುಜ್ಜುತ್ತಿದ್ದ ಗೋಪಿನಾಥ ಫೋನಿನಲ್ಲಿ ಆ ಸುದ್ದಿ ನೋಡಿ ಪೇಸ್ಟು ನುಂಗಿಬಿಟ್ಟ.

ಬ್ರಿಗ್ಸ್ ಅವನಿಗೆ ನೆಂಟನೂ ಅಲ್ಲ, ಇಷ್ಟನೂ ಅಲ್ಲ. ಆದರೆ ಕನ್ನಡ ಸಂಘದವರು ಫೋನಿನಲ್ಲಿ ಒಂದು ಲೀಗ್ ಆಡುತ್ತಿದ್ದರು. ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರು ಆಡಿದಂತೆ ಇವರಿಗೆ ಅಂಕ. ಹೋದ ವಾರವಷ್ಟೇ ಗೋಪಿನಾಥ ಮೂವರು ಚುರುಕು ಹುಡುಗರನ್ನು ಕೊಟ್ಟು ಬ್ರಿಗ್ಸ್‌ನನ್ನು ತಂದಿದ್ದ. ಅವನ ಸಂಬಳವೋ ಆಕಾಶದಲ್ಲಿ. ಅವನು ಬಂದದ್ದೇ ತಂಡದ ಒಟ್ಟು ಸಂಬಳ ಲೀಗಿನ ಮಿತಿಯನ್ನು, ಅಂದರೆ ಸ್ಯಾಲರಿ ಕ್ಯಾಪನ್ನು ದಾಟಿಬಿಟ್ಟಿತ್ತು. ನಡುವೆ ದಾಟಿದರೆ ಪರವಾಗಿಲ್ಲ. ಇವತ್ತು ಸಂಜೆ ಐದಕ್ಕೆ, ಆಟಗಾರರನ್ನು ಅದಲುಬದಲು ಮಾಡುವ ಟ್ರೇಡ್ ಗಡುವು ಮುಗಿಯುವಾಗಲೂ ಕ್ಯಾಪ್ ಮೀರಿದ್ದವರು ನೇರ ಕೊನೆಯ ಸ್ಥಾನಕ್ಕೆ.

ಕೊನೆಯ ಸ್ಥಾನದವರಿಗೆ ಶಿಕ್ಷೆ, ಯುಗಾದಿಯಿಂದ ಒಂದು ವರ್ಷ ಸಂಘದ ಸೆಕ್ರೆಟರಿಗಿರಿ.

ನಗಬೇಡಿ. ಗೋಪಿನಾಥ ಒಮ್ಮೆ ಆ ಕೆಲಸ ಮಾಡಿ ಅನುಭವಿಸಿದ್ದವನು. ಸ್ಕೂಲ್ ಆಡಿಟೋರಿಯಂ ಬುಕ್ ಮಾಡಿಸಿ, ‘ನಾವಿಬ್ಬರೇ’ ಎಂದು ಬರೆಸಿ ಆರು ಜನ ಬರುವವರಿಗೆಲ್ಲ ಒಬ್ಬಟ್ಟು ಹೊಂದಿಸಿ, ಕೊನೆಗೆ ‘ಹುಳಿ ನೀರಾಗಿತ್ತು’ ಅನ್ನಿಸಿಕೊಂಡು ಬಂದಿದ್ದ. ಸತ್ತರೂ ಇನ್ನು ಆ ಕೆಲಸ ಬೇಡವೆಂದು ಆಣೆ ಹಾಕಿಕೊಂಡಿದ್ದ.

ಹೆಂಡತಿ ಶೀತಲ್‌ಗೂ ಲೀಗಿನಲ್ಲಿ ಸ್ವಂತ ತಂಡವಿತ್ತು. ಹೋದ ವರ್ಷ ಒಂದು ಟ್ರೇಡಿನಿಂದ ಗಂಡ ಹೆಂಡಿರ ನಡುವೆ ಮಾತೇ ನಿಂತುಹೋಗಿದ್ದರಿಂದ, ಮನೆಯೊಳಗೆ ಲೀಗಿನ ಸುದ್ದಿ ಎತ್ತಬಾರದೆಂದು ಒಪ್ಪಂದವಾಗಿತ್ತು. ಅವಳು ಮಹಡಿಯ ಮೇಲೆ ಆಫೀಸಿನ ಮೀಟಿಂಗುಗಳಲ್ಲಿ ಮುಳುಗಿದ್ದಳು. ಗೋಪಿನಾಥ ಕೆಳಗಿನಿಂದ ಪಕ್ಕದ ಮನೆಯ ಶಶಿಕಾಂತನಿಗೆ ಫೋನ್ ಮಾಡಿದ.

“ಶಶಿ, ಬ್ರಿಗ್ಸ್ ಬೇಕೇನೋ? ನಿನ್ನ ಹತ್ರ ಕ್ಯಾಪ್ ಸ್ಪೇಸ್ ಬೇಕಾದಷ್ಟಿದೆ.”

“ಮಂಡಿ ಹೋಗಿದ್ಯಂತಲ್ಲೋ ಅವನಿಗೆ.”

“ಯಾರೋ ಹೇಳಿದ್ದು? ಬರೀ ಉಳುಕು! ಒಂದು ವಾರ ಐಸ್ ಇಟ್ರೆ ಕುದುರೆ ಥರ ಓಡ್ತಾನೆ. ಇಂಥ ಪ್ಲೇಯರ್ ಮತ್ತೆ ಸಿಗಲ್ಲ ಕಣೋ!”

“ಹಾಗಾದ್ರೆ ನೀನ್ಯಾಕೆ ಕೊಡ್ತಿದ್ದೀಯ?”

“ಕ್ಯಾಪ್ ಕಣೋ, ಹಾಳಾದ ಕ್ಯಾಪ್! ಕೊಡೋಕೆ ಹೊಟ್ಟೆ ಉರೀತಿದೆ!” ಗೋಪಿನಾಥ ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ಶಶಿಕಾಂತ ಚೌಕಾಸಿಯಲ್ಲಿ ತರಕಾರಿ ಗಾಡಿಯವನನ್ನೇ ಅಳಿಸುವ ಪೈಕಿ. “ಸರಿ, ನನ್ನ ಬೆಂಚ್ ಮೇಲೆ ಕೂತಿರೋ ಅಗ್ಗದ ಹುಡುಗ ಒಬ್ಬನ್ನ ಕೊಡ್ತೀನಿ. ಜೊತೆಗೆ ಭಾನುವಾರ ನಮ್ಮ ಅತ್ತೆ ಮಾವ ಬರ್ತಿದ್ದಾರೆ, ನಿನ್ನ ವ್ಯಾನಲ್ಲಿ ಡಲ್ಲೆಸ್ ಏರ್‌ಪೋರ್ಟಿಗೆ ಹೋಗಿ ಪಿಕಪ್ ಮಾಡ್ಕೊಂಡು ಬಾ.”

“ಅದಕ್ಕೂ ಬ್ಯಾಸ್ಕೆಟ್‌ಬಾಲಿಗೂ ಏನೋ ಸಂಬಂಧ?”

“ಟ್ರೇಡ್ ವ್ಯಾಲ್ಯೂ ಅಂತಾರೆ ಇದಕ್ಕೆ. ಅಂದಹಾಗೆ, ನಿಮ್ಮಮ್ಮ ಕಳಿಸಿದ್ದ ಪುಳಿಯೋಗರೆ ಗೊಜ್ಜು ಇನ್ನೂ ಇದ್ಯಾ?”

ಮೈಸೂರಿನಿಂದ ಬಂದ ಗೊಜ್ಜು! ಅರ್ಧ ಬಾಟಲಿ ಉಳಿದಿತ್ತು. ಸೆಕ್ರೆಟರಿ ಕೆಲಸ ನೆನೆಸಿಕೊಂಡು ಗೋಪಿನಾಥ ಹಲ್ಲು ಕಚ್ಚಿ ಬಾಟಲಿಯನ್ನು ಡೆಕ್ಕಿನ ಕಂಬಿಯ ಮೇಲಿಂದ ದಾಟಿಸಿದ. ಟ್ರೇಡ್ ಆಯಿತು, ತಂಡ ಕ್ಯಾಪಿನೊಳಗೆ ಬಂತು.

ಮಧ್ಯಾಹ್ನದ ಹೊತ್ತಿಗೆ ಬ್ರಿಗ್ಸ್‌ಗೆ ಆಪರೇಷನ್ ಅಂತೆ, ಈ ವರ್ಷ ಆಡುವುದಿಲ್ಲವಂತೆ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಬದರಿನಾಥ್ ಅಂಕಲ್ ಫೋನು. ಮಗಳ ಮನೆಯಲ್ಲಿದ್ದು ಟಿವಿಯ ಮುಂದೆ ನಿವೃತ್ತಿ ಕಳೆಯುತ್ತಿದ್ದ ಹಿರಿಯರು, ಲೀಗಿನಲ್ಲಿ ಅವರದೂ ಒಂದು ತಂಡ.

“ಗೋಪಿ, ಶಶಿ ನನಗೆ ಬ್ರಿಗ್ಸ್‌ನ ಕೊಡ್ತಾನಂತಪ್ಪ. ತಗೊಳ್ಳಲಾ?”

ಬೇಡ ಅಂದರೆ ಶಶಿಕಾಂತ ನೇರ ಇಲ್ಲಿಗೇ ಬಂದು ಬಾಗಿಲು ಬಡಿಯುತ್ತಾನೆ. “ಕಣ್ಣು ಮುಚ್ಕೊಂಡು ತಗೊಳ್ಳಿ ಅಂಕಲ್! ಚಿನ್ನ ಅವನು, ಚಿನ್ನ!” ಎಂದು ಗೋಪಿನಾಥ ಮತ್ತೆ ಕೂಗಿದ. ಅಂಕಲ್‌ಗೆ ಸತ್ಯ ತಿಳಿದು ವಾಪಸ್ ತಗೋ ಎಂದರೆ? ದೊಡ್ಡವರಿಗೆ ಆಗಲ್ಲ ಅನ್ನಲು ಅವನಿಗೆ ನಾಲಿಗೆಯೇ ಏಳುವುದಿಲ್ಲ. ಫೋನನ್ನು ಆಫ್ ಮಾಡಿ ಸೋಫಾದ ದಿಂಬಿನಡಿ ತುರುಕಿ, ಕಾಫಿ ಕುಡಿದು ನೆಮ್ಮದಿಯಾಗಿ ಮಲಗಿಬಿಟ್ಟ.

ಎಚ್ಚರವಾದಾಗ ಐದು ದಾಟಿತ್ತು. ಎದುರಿಗೆ ಶೀತಲ್ ನಿಂತಿದ್ದಳು.

“ಫೋನ್ ಯಾಕೆ ಆಫ್ ಮಾಡಿದ್ದೀಯ ಗೋಪಿ? ಎಷ್ಟು ಸಲ ಟ್ರೇಡ್ ರಿಕ್ವೆಸ್ಟ್ ಕಳಿಸ್ಲಿ ನಿನಗೆ?”

“ಏನು ರಿಕ್ವೆಸ್ಟು?”

“ಬದರಿನಾಥ್ ಅಂಕಲ್ ಬ್ರಿಗ್ಸ್‌ನ ನನಗೆ ಕೊಟ್ರು.”

ಗೋಪಿನಾಥ ದಡಬಡಿಸಿ ಎದ್ದು ಕೂತ. ಕುಂಕುಮಕ್ಕೆ ಕರೆದವರೆಲ್ಲ ದಾಟಿಸಿ ದಾಟಿಸಿ, ಕೊನೆಗೆ ಮೊದಲು ಕೊಟ್ಟವಳ ಮಡಿಲಿಗೇ ಬರುವ ಬ್ಲೌಸ್ ಪೀಸಿನ ಹಾಗೆ ಬ್ರಿಗ್ಸ್ ಮನೆಗೆ ಬಂದಿದ್ದ.

“ಅಯ್ಯೋ, ಅವನನ್ನ ಯಾಕೆ ತಗೊಂಡ್ಯೇ?”

“ಬೆಳಗಿಂದ ನೀನೇ ಕೂಗ್ತಿದ್ದೆಯಲ್ಲ, ನನ್ನ ಮೀಟಿಂಗಲ್ಲೆಲ್ಲ ಕೇಳಿಸ್ತು! ಕೊಡೋಕೆ ಹೊಟ್ಟೆ ಉರೀತಿದೆ ಅಂದೆ. ಪಾಪ, ಮನೇಲೇ ಇರ್ಲಿ ಅಂತ ತಗೊಂಡೆ. ನನಗೆ ಕ್ಯಾಪ್ ಮೀರ್ತು. ನಿನ್ನ ಹತ್ರ ಜಾಗ ಇತ್ತಲ್ಲ, ನನ್ನ ದುಬಾರಿ ಪ್ಲೇಯರ್ ಒಬ್ಬನ್ನ ನಿನಗೆ ಕಳಿಸ್ದೆ. ಒಂದು ಓಕೆ ಒತ್ತೋಕಾಗ್ಲಿಲ್ವಾ? ಮೀಟಿಂಗ್ ಬಿಟ್ಟು ಕೆಳಗೆ ಬರೋಕೂ ಆಗ್ಲಿಲ್ಲ ನಂಗೆ.”

ಅವಳ ಕೈಯಲ್ಲಿದ್ದ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ‘ನೂತನ ಸೆಕ್ರೆಟರಿ ಶೀತಲ್ ಅವರಿಗೆ ಅಭಿನಂದನೆಗಳು’ ಎಂದು ಸಂಘದ ಗುಂಪಿನ ತುಂಬ ಹೂಗುಚ್ಛಗಳು.

ಗೋಪಿನಾಥ ಮೆಲ್ಲಗೆ, “ಅಂದ್ರೆ... ಸೆಕ್ರೆಟರಿ ನೀನು ತಾನೆ? ನಾನಲ್ಲ ತಾನೆ?” ಎಂದ.

“ಹೌದು, ಹೆಸರು ನಂದೇ,” ಎಂದಳು ಶೀತಲ್. “ಕೆಲಸ ಗೊತ್ತಿರೋದು ನಿನಗೆ.”

ಅಷ್ಟರಲ್ಲಿ ಕಾಲಿಂಗ್ ಬೆಲ್ಲಾಯಿತು. ಬಾಗಿಲಲ್ಲಿ ಶಶಿಕಾಂತ, ತೊಳೆದ ಖಾಲಿ ಬಾಟಲಿ ಹಿಡಿದು ನಿಂತಿದ್ದ.

“ಗೊಜ್ಜು ಬೊಂಬಾಟಾಗಿತ್ತು ಕಣೋ. ಭಾನುವಾರ ಡಲ್ಲೆಸ್ ಮರೀಬೇಡ. ಆಮೇಲೆ ಯುಗಾದಿ ಊಟಕ್ಕೆ ನಮ್ಮ ಮನೆಯಿಂದ ನಾವಿಬ್ಬರೇ ಅಂತ ಬರ್ಕೊಂಡ್ಬಿಡು.”