ಮಳೆ ರಿಜಿಸ್ಟರಿನಲ್ಲಿ ದುಬೈ

ಅಕ್ಟೋಬರ್ ಹದಿನೇಳು, ಭಾನುವಾರ. ಬೆಳಿಗ್ಗೆ ಮೋಡ, ಮಧ್ಯಾಹ್ನದ ಮೇಲೆ ಜೋರು ಮಳೆ. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರು ನಾನು. ಮಳೆಗಾಲ ಮುಗಿದರೂ ನಮ್ಮಲ್ಲಿ ಮಳೆಯ ಪ್ರಸಂಗಗಳು ಮುಗಿಯುವುದಿಲ್ಲ.

೧. ಪಂಥ

ಕೊರೋನಾ ಭಯಕ್ಕೆ, ನಮ್ಮ ದೇಶದಲ್ಲಿ ಆಗಬೇಕಿದ್ದ ಕ್ರಿಕೆಟ್ ವಿಶ್ವಕಪ್ಪನ್ನು ದುಬೈ ಕಡೆಗೆ ಸಾಗಿಸಿದ್ದರು. ಅವತ್ತೇ ಶುರು. ನಮ್ಮ ಸಾಹುಕಾರ್ರೂ ಜಾವಳಿಯಲ್ಲಿ ತೋಟವಿರುವ ಅವರ ಭಾವನೂ ಟೀವಿ ಮುಂದೆ ಕೂತಿದ್ದರು.

"ಒಳ್ಳೇದೇ ಆಯ್ತು. ಅಲ್ಲಿ ಮಳೆ ಕಾಟ ಇಲ್ಲ," ಎಂದರು ಭಾವ.

"ಮಳೆ ಬಾರದ ಊರು ಎಲ್ಲಾದ್ರೂ ಉಂಟಾ ಮಾರಾಯ್ರೆ? ಒಂದಾದ್ರೂ ಮ್ಯಾಚ್ ಮಳೆಗೆ ನಿಂತೇ ನಿಲ್ತದೆ," ಎಂದರು ಸಾಹುಕಾರ್ರು.

"ನಿಂತ್ರೆ ನನ್ನ ಜೇನುಪೆಟ್ಟಿಗೆ ನಾಲ್ಕೂ ನಿಮಗೆ. ನಿಲ್ಲದಿದ್ರೆ?"

"ಅಂಗಳದ ರೇನ್‌ಗೇಜ್ ಕಿತ್ಕೊಂಡು ಹೋಗಿ!"

ಅಂದ ಮೇಲೆ ಸಾಹುಕಾರ್ರ ಮುಖ ಇಳಿಯಿತು. ಅಜ್ಜನ ಕಾಲದ ಹಿತ್ತಾಳೆ ಗೇಜು ಅದು. ದಿನಾ ಅದರಲ್ಲಿ ಮಳೆ ಅಳೆಯುವವರು ಅವರೊಬ್ಬರೇ. ಅವರು ಕೂಗಿದ ಇಂಚು, ಸೆಂಟು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದಷ್ಟೇ ನನ್ನ ಕೆಲಸ; ನೂರು ಸೆಂಟಿಗೆ ಒಂದು ಇಂಚು.

ಒಳಗಿಂದ ಸಾಹುಕಾರ್ರ ಹೆಂಡತಿ ಅಮ್ಮನವರು, "ನನ್ನ ಬಳೆ ಪಣಕ್ಕಿಟ್ಟಿದ್ರೆ ಇಷ್ಟು ಸಪ್ಪಗಾಗ್ತಿರ್ಲಿಲ್ಲ," ಎಂದರು.

೨. ಹೊಸ ಕಾಲಂ

ಮರುದಿನ ಸಾಹುಕಾರ್ರು, "ರೈಟ್ರೇ, ರಿಜಿಸ್ಟರಿನಲ್ಲಿ ದುಬೈಗೊಂದು ಕಾಲಂ ಎಳೀರಿ," ಎಂದರು. ಎಳೆದೆ. ದಿನಾ ಸೊನ್ನೆ ಬರೆದೆ.

ತೋಟ ನೋಡಲು ಬಂದ ಹೊಸ ಅಧಿಕಾರಿಯೊಬ್ಬರು ರಿಜಿಸ್ಟರು ತಿರುವಿದರು. ಎಸ್ಟೇಟಿನ ಒಂದೊಂದು ಬ್ಲಾಕಿಗೂ ಒಂದೊಂದು ಹೆಸರಿರುತ್ತದೆಂದು ಅವರಿಗೆ ಗೊತ್ತಿತ್ತು.

"ನಿಮ್ಮ ದುಬೈ ಬ್ಲಾಕಿಗೆ ಹದಿನೈದು ದಿನದಿಂದ ಒಂದು ಹನಿ ಬಿದ್ದಿಲ್ಲ. ಗಿಡ ಒಣಗೋದ್ರೊಳಗೆ ಸ್ಪ್ರಿಂಕ್ಲರ್ ಹಾಕ್ಸಿ ಸರ್."

ಸಾಹುಕಾರ್ರು ಗಂಭೀರವಾಗಿ, "ಫೈನಲ್ ಮುಗೀಲಿ, ನೋಡುವ," ಎಂದರು.

೩. ಟವೆಲು

ಒಂದು ಸಂಜೆ ಟೀವಿಯಲ್ಲಿ ಬೌಲರು ಟವೆಲಿನಿಂದ ಚೆಂಡು ಒರೆಸಿದ. ಸಾಹುಕಾರ್ರು ಕೂಡಲೇ ಜಾವಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ನೋಡಿದ್ರಾ ಭಾವ? ಚೆಂಡು ಒದ್ದೆ!"

"ಅದು ಇಬ್ಬನಿ. ಬೇಕಾದ್ರೆ ನಿಮ್ಮ ರೈಟ್ರನ್ನೇ ಕೇಳಿ."

ಸಂಬಳ ಕೊಡುವವರು ನನ್ನ ಮುಖವನ್ನೇ ನೋಡುತ್ತಿದ್ದರು. "ಇಬ್ಬನೀನ ಮಳೆ ಅಂತ ಬರೆದ್ರೆ, ಜನವರಿಯಲ್ಲಿ ಕಾಫಿ ಒಣಗಿಸೋ ಕಣದಲ್ಲೂ ದಿನಾ ಮಳೆ ಅಂತ ಬರೀಬೇಕಾಗ್ತದೆ," ಎಂದೆ.

ಆ ಸಂಜೆ ಎಲ್ಲರಿಗೂ ಕಾಫಿ ಬಂತು. ನನಗೆ ಬರಲಿಲ್ಲ.

೪. ಸಂದಾಯ

ಫೈನಲ್ಲೂ ಹನಿಯಿಲ್ಲದೆ ಮುಗಿಯಿತು. ಮರುದಿನ ಭಾವ ಹಾರೆ ಹಿಡಿದುಕೊಂಡೇ ಬಂದರು.

"ಅದು ಹಳೇದು ಮಾರಾಯ್ರೆ. ಹೊಸದು ತರಿಸಿ ಕೊಡ್ತೇನೆ," ಎಂದು ಸಾಹುಕಾರ್ರು ಗೋಗರೆದರು.

"ನನಗೆ ಹಳೇದೇ ಬೇಕು."

ತೋಟದ ಮೇಸ್ತ್ರಿ ಬುಡದ ಸಿಮೆಂಟ್ ಒಡೆದು, ಗೇಜನ್ನು ಎತ್ತಿ, ಮಣ್ಣು ಒರೆಸಿ ಕೊಟ್ಟ. ಭಾವ ಒಳಗೆ ಇಣುಕಿದರು. ಆ ಕಡೆ ಅವರ ಚಪ್ಪಲಿಯೇ ಕಂಡಿತು. ಗೆದ್ದವರ ಕೈಗೆ ಬಂದದ್ದು ತಳವಿಲ್ಲದ ಹಿತ್ತಾಳೆ ಕೊಳವೆ.

"ಎಷ್ಟು ವರ್ಷದಿಂದ ಹೀಗೆ?" ಎಂದರು ಭಾವ.

"ಹನ್ನೊಂದು," ಎಂದರು ಸಾಹುಕಾರ್ರು, ನೆಲ ನೋಡುತ್ತ.

ನಾನು ರಿಜಿಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಹನ್ನೊಂದು ವರ್ಷದ ಅಕ್ಷರವೂ ನನ್ನದೇ.

"ಮತ್ತೆ ದಿನಾ ಮಳೆ ಹೇಗೆ ಅಳೆದ್ರಿ?"

"ಬೆಳಿಗ್ಗೆ ಎದ್ದು ನಾನು ನಿಮಗೆ ಫೋನ್ ಮಾಡಿ ನಿಮ್ಮಲ್ಲಿ ಎಷ್ಟು ಮಳೆ ಅಂತ ಕೇಳ್ತಿರ್ಲಿಲ್ವಾ? ನೀವು ಹೇಳಿದ್ದಕ್ಕೆ ಹತ್ತು ಸೆಂಟ್ ಸೇರಿಸ್ತಿದ್ದೆ."