ಹನ್ನೆರಡು ಸಾವಿರ ನಂಬರಿನ ಕಲ್ಲು

"ಭಾನುವಾರ ನಾನು ಹೆರೆಯೋ ಸಿಪ್ಪೆನ ಪೇಪರಿನ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು! ಬೇಕಾದ್ರೆ ಬರೆದಿಟ್ಕೋ!" ಎಂದು ಬಡಗಿ ಯಸುಹಿದೆ ಬುಧವಾರ ಬೆಳಗ್ಗೆ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

"ಮೊದಲು ಅನ್ನ ತಿನ್ನಿ, ಆರ್ತಿದೆ," ಎಂದಳು ಮಿನೆಕೊ.

ಈ ಹಾರಾಟಕ್ಕೆ ಕಾರಣವಿತ್ತು. ಮಿನೆಕೊಳ ಅಪ್ಪ ಕಿಸಾಬುರೊ, ಮಿಕಿ ಎಂಬ ಊರಿನ ಹಿರಿಯ ಬಡಗಿ, ಯಸುಹಿದೆಗೆ ಕೆಲಸ ಕಲಿಸಿದ ಗುರು. ಎಂಬತ್ತನಾಲ್ಕು ತುಂಬಿತು, ಇನ್ನು ಸಾಕು ಎಂದು ಅವರು ಕೆಲಸ ಬಿಟ್ಟಿದ್ದರು. ಅವರ ಹಳೆಯ ಉಜ್ಜುಗೊರಡು ಮಗ ತೊಕುಜಿಗೋ, ಅಳಿಯ ಯಸುಹಿದೆಗೋ ಎಂಬುದು ಭಾನುವಾರ ತೀರ್ಮಾನ. ಇಬ್ಬರೂ ತಂತಮ್ಮ ಗೊರಡಿನಿಂದ, ತಂತಮ್ಮ ಅಲಗಿನಿಂದಲೇ ಹಿನೊಕಿ ಮರದ ತೊಲೆಯ ಮೇಲೆ ಒಂದೊಂದು ಎಳೆತ ಎಳೆಯಬೇಕು. ಯಾರ ಸಿಪ್ಪೆ ತೆಳುವೋ ಗೊರಡು ಅವರದು. ಯಸುಹಿದೆ ಹದಿನಾರನೆಯ ವಯಸ್ಸಿನಿಂದ ಆ ಗೊರಡಿನ ಮೇಲೆ ಕಣ್ಣಿಟ್ಟವನು. ಮಿನೆಕೊಳ ಮೇಲೆ ಕಣ್ಣು ಬಿದ್ದದ್ದು ಅದಾದ ಎರಡು ವರ್ಷಕ್ಕೆ!

ಗೊರಡಿನ ಅಲಗು ಮಸೆಯಲು ನೀರು ಬೇಕು, ಬೆಳಕು ಬೇಕು. ಹಾಗಾಗಿ ಅವನು ಬಚ್ಚಲುಮನೆಯನ್ನೇ ವಶಪಡಿಸಿಕೊಂಡ. ತೊಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಸಾಣೆಕಲ್ಲುಗಳ ಸೈನ್ಯ: ಸಾವಿರ ನಂಬರು, ಮೂರು ಸಾವಿರ, ಎಂಟು ಸಾವಿರ, ಕೊನೆಗೆ ಬೆಣ್ಣೆಯಂಥ ಹನ್ನೆರಡು ಸಾವಿರ. ನಂಬರು ಏರಿದಂತೆ ಕಲ್ಲಿನ ಕಣ ನುಣುಪು. ಸಾವಿರದ ಕಲ್ಲು ಎಳೆದ ಗೀರನ್ನು ಮೂರು ಸಾವಿರದ್ದು ಅಳಿಸಬೇಕು, ಅದರ ಗೀರನ್ನು ಎಂಟು ಸಾವಿರದ್ದು. ಹೇಳುವುದಕ್ಕೆ ಇಷ್ಟೇ.

ಮಿನೆಕೊ ಇನ್ನೊಂದು ಅಲಗು ತಂದು ಹಲಗೆಯ ಮೇಲಿಟ್ಟಳು. "ಹೇಗೂ ಮಸೀತಿದ್ದೀರಲ್ಲ, ನನ್ನ ಮೀನಿನ ಪೆಟ್ಟಿಗೆದೂ ಒಂದು ಮಸೆದುಕೊಡಿ. ಮೂರು ತಿಂಗಳಿಂದ ಕೇಳ್ತಿದ್ದೀನಿ."

ಕೊರಡಿನಂತೆ ಒಣಗಿದ ಬೊನಿಟೊ ಮೀನನ್ನು ಸಾರಿಗೆ ಹೆರೆದುಕೊಳ್ಳುವ ಮರದ ಪೆಟ್ಟಿಗೆ ಅದು. ಅದರ ಬಾಯಲ್ಲಿ ಕೂರುವುದೂ ಗೊರಡಿನ ಅಲಗೇ. ಯಸುಹಿದೆಯ ಅಲಗನ್ನು ಮಾಡಿದ ಕಮ್ಮಾರನೇ ಮಾಡಿದ್ದು, ಅದೇ ಅಗಲ, ಅದೇ ಮುದ್ರೆ.

"ಇಡು, ಇಡು! ಈಗ ಮಾತಾಡಿಸಬೇಡ!" ಎಂದ ಯಸುಹಿದೆ, ತಲೆ ಎತ್ತದೆ.

ಅಲ್ಲಿಂದ ಶುರುವಾಯಿತು ನೋಡಿ, ಮನುಷ್ಯನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು! ಎಂಟು ಸಾವಿರಕ್ಕೆ ಬಂದು ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಒಂದು ಗೀರು. ಮತ್ತೆ ಸಾವಿರಕ್ಕೆ ಇಳಿದ. ಹನ್ನೆರಡು ಸಾವಿರಕ್ಕೆ ಏರಿದರೆ ಕೂದಲಿನಷ್ಟು ಮುಕ್ಕು. ಮತ್ತೆ ಇಳಿದ. ಬುಧವಾರ ಸಂಜೆ ಬೆಣ್ಣೆಯಂತಿದ್ದ ಅಲಗು ಗುರುವಾರ ಬೆಳಗ್ಗೆ ಗರಗಸದಂತೆ ಕಂಡಿತು!

"ದೊರಗು ಕಲ್ಲಿನ ಒಂದೇ ಒಂದು ಕಣ ನುಣುಪು ಕಲ್ಲಿಗೆ ಬಂದರೂ ಸರ್ವನಾಶ! ಈ ಮನೇಲಿ ಎಲ್ಲಿಂದಲೋ ಮರಳು ಬರ್ತಿದೆ!" ಎಂದು ಘೋಷಿಸಿದ. ತೊಂದರೆ ಮನೆಯದೇ ಎಂದು ಸಾಬೀತಾದ ಮೇಲೆ ಶಾಸನಗಳು ಹೊರಟವು. ಪಾತ್ರೆ ಉಜ್ಜುವ ಪುಡಿ ನಿಷೇಧ! ಬೇರಿನಲ್ಲಿ ಮಣ್ಣಿರುವುದರಿಂದ ಪಾಲಕ್ ಸೊಪ್ಪು ನಿಷೇಧ! ಬಚ್ಚಲಿಗೆ ಬೇರೆಯವರ ಪ್ರವೇಶವಂತೂ ಕೇಳಲೇಬೇಡಿ. ಮಿನೆಕೊ ಟವೆಲು ಹೆಗಲಿಗೆ ಹಾಕಿಕೊಂಡು ದಿನಾ ಊರಿನ ಸ್ನಾನಗೃಹಕ್ಕೆ ನಡೆದಳು.

"ಗಂಡ ಮನೆಯಿಂದ ಹೊರಗೆ ಹಾಕಿದ್ನಾ ಅಂತ ಅಲ್ಲಿ ಮೂರು ಜನ ಕೇಳಿದ್ರು," ಎಂದಳು ವಾಪಸು ಬಂದು.

"ಭಾನುವಾರದವರೆಗೆ ತಡ್ಕೋ!"

"ಮತ್ತೆ ನನ್ನ ತರಕಾರಿ ಚಾಕುಗೆ ಏನು ಮಾಡಿದ್ರಿ?"

"ಕೈ ಸುಮ್ನಿರಲಿಲ್ಲ. ಹನ್ನೆರಡು ಸಾವಿರಕ್ಕೆ ಏರಿಸಿದೆ. ಕನ್ನಡಿ ಥರ ಆಗಿಲ್ವಾ?"

"ಆಗಿದೆ. ಮುಖ ನೋಡ್ಕೋಬಹುದು, ಟೊಮೆಟೊ ಕುಯ್ಯಕ್ಕಾಗಲ್ಲ! ಸಿಪ್ಪೆ ಮೇಲೆ ಜಾರ್ತಾ ಹೋಗುತ್ತೆ. ಅಡುಗೆ ಚಾಕುಗೆ ಸ್ವಲ್ಪ ಹಲ್ಲಿರಬೇಕು ರೀ, ಸಾವಿರದ ಕಲ್ಲು ಧಾರಾಳ ಸಾಕು." ಅವಳು ಅನ್ನದ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ಅದರ ಬುಡದ ಒರಟು ಅಂಚಿಗೆ ಚಾಕುವನ್ನು ನಾಲ್ಕು ಸಲ ತೀಡಿ, ಟೊಮೆಟೊವನ್ನು ಕಚಕಚನೆ ಹೆಚ್ಚಿದಳು. ಯಸುಹಿದೆ ಅವಮಾನದಿಂದ ಬಚ್ಚಲು ಸೇರಿಕೊಂಡ.

ಶನಿವಾರ ಮಧ್ಯಾಹ್ನ ಅಂತೂ ಗೀರೂ ಇಲ್ಲ, ಮುಕ್ಕೂ ಇಲ್ಲ! ಮುಂಗೈಯ ರೋಮವೆಲ್ಲ ಬೋಳಿಸಿ ಪರೀಕ್ಷೆಯಾಗಿತ್ತು.

ಭಾನುವಾರ ಬೆಳಗ್ಗೆ ನೆಮ್ಮದಿಯಾಗಿ ಸಾರು ಹೀರಿದವನು ಬಟ್ಟಲನ್ನು ಕೆಳಗಿಟ್ಟು, "ಆಹಾ! ಮೀನಿನ ಹೆರೆತ ಇಷ್ಟು ತೆಳ್ಳಗೆ ಹೇಗೆ ಬಂತೇ?" ಎಂದ.

"ಬುಧವಾರ ನೀವೇ ಮಸೆದಿಟ್ರಲ್ಲ ಅಲಗು. ಸಂಜೆ ಹಲಗೆ ಮೇಲೆ ಥಳಥಳ ಅಂತಿತ್ತು, ತಗೊಂಡು ಬಂದು ಪೆಟ್ಟಿಗೆಗೆ ಹಾಕ್ಕೊಂಡೆ."

ಯಸುಹಿದೆ ಬುಧವಾರ ಪೆಟ್ಟಿಗೆಯ ಅಲಗನ್ನು ಮುಟ್ಟಿಯೇ ಇರಲಿಲ್ಲ. ಎದ್ದು ಓಡಿ ಪೆಟ್ಟಿಗೆ ಬಿಚ್ಚಿದ. ಒಳಗೆ ಕೂತಿದ್ದದ್ದು ಅವನ ಸ್ವಂತ ಅಲಗು! ಮೂರು ದಿನ ಗಟ್ಟಿ ಮೀನು ಹೆರೆದು ಅದರ ಒಂದು ಮೂಲೆ ಮುರಿದಿತ್ತು. ಅಂದರೆ ಗುರುವಾರದಿಂದ ಅವನು ತಪಸ್ಸು ಮಾಡಿ ಮಸೆದದ್ದು ಮಿನೆಕೊಳ ಮೀನಿನ ಅಲಗನ್ನು! ಮೂರು ತಿಂಗಳ ಮೊಂಡು, ಮುಕ್ಕು, ಗೀರು ಎಲ್ಲ ಅದರದ್ದು. ಪಾಪದ ಪಾಲಕ್ ಸೊಪ್ಪಿನ ತಪ್ಪೇನೂ ಇರಲಿಲ್ಲ.

"ಅಯ್ಯೋ, ಕೆಟ್ಟೆ! ಮಾವ ಇನ್ನು ಅರ್ಧ ಗಂಟೇಲಿ ಬರ್ತಾರೆ!"

"ಮತ್ತೇನು ಮಾಡ್ತೀರಿ?"

"ನಿನ್ನ ಅಲಗನ್ನೇ ನನ್ನ ಗೊರಡಿಗೆ ಹಾಕ್ತೀನಿ. ನೀನು ಬಾಯಿ ಬಿಡಬೇಡ ಮಾರಾಯ್ತಿ!"

"ಕೇಳದಿದ್ರೆ ಹೇಳಲ್ಲ. ಕೇಳಿದ್ರೆ ಅಪ್ಪನ ಮುಂದೆ ಸುಳ್ಳು ಹೇಳಲ್ಲ," ಎಂದಳು ಮಿನೆಕೊ.

ಕಿಸಾಬುರೊ ಗೊರಡನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬಂದರು. ಮೊದಲು ತೊಕುಜಿ ಎಳೆದ. ಅಳತೆ ಒಂಬತ್ತು ಮೈಕ್ರಾನ್, ಕೂದಲಿಗಿಂತ ಎಷ್ಟೋ ತೆಳು! "ಭಾವ, ಈಗಲೇ ಸೋಲೊಪ್ಪಿಕೊಂಡ್ರೆ ಕೈನೋವು ತಪ್ಪುತ್ತೆ," ಎಂದು ಹಲ್ಲು ಕಿರಿದ.

ಯಸುಹಿದೆ ತೊಲೆಯ ಮುಂದೆ ನಿಂತ. ಉಸಿರು ಬಿಗಿಹಿಡಿದು ಗೊರಡನ್ನು ತನ್ನತ್ತ ಎಳೆದುಕೊಂಡ. ಸರ್ರೆಂದು ರೇಷ್ಮೆಯಂಥ ಸಿಪ್ಪೆ ಮೇಲೆದ್ದು ಗಾಳಿಯಲ್ಲಿ ತೇಲಿತು. ಅಳತೆ ಆರು! ಆರೇ ಆರು! ತೊಕುಜಿಯ ಹಲ್ಲು ಮುಚ್ಚಿಕೊಂಡವು. ಮೂವತ್ತೈದು ವರ್ಷದ ಆಸೆ ಕೈಗೆ ಬಂದಂತಾಗಿ ಯಸುಹಿದೆಯ ಕಣ್ಣು ತುಂಬಿತು.

ಕಿಸಾಬುರೊ ಸಿಪ್ಪೆಯನ್ನು ಬೆಳಕಿಗೆ ಹಿಡಿದರು. ಮೆಚ್ಚಿ ತಲೆಯಾಡಿಸಿದರು. ಹಿನೊಕಿಯ ಪರಿಮಳಕ್ಕೆಂದು ಮೂಗಿಗೆ ತಂದವರು ಹಾಗೇ ನಿಂತುಬಿಟ್ಟರು.

"ಇದೇನಯ್ಯಾ, ಸಾರಿನ ವಾಸನೆ?"

ಯಸುಹಿದೆ ತನ್ನ ಗೊರಡನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

"ಮಿನೆಕೊ, ಈ ಅಲಗು ಯಾರದು?"

"ನಂದು ಅಪ್ಪಾ. ಮೀನು ಹೆರೆಯೋದು."

ಯಸುಹಿದೆ ಹಣೆಯನ್ನು ಚಾಪೆಗೆ ಒತ್ತಿ ಬಗ್ಗಿಬಿಟ್ಟ. "ತಪ್ಪಾಯ್ತು ಮಾವ!" ಬೈಗುಳಕ್ಕೆ ಕಾದ. ಬರಲಿಲ್ಲ. ತಲೆ ಎತ್ತಿ ನೋಡಿದರೆ ಮುದುಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಬೇರೆ.

"ಲೋ, ನಾನು ಈ ಗೊರಡು ಗೆದ್ದಿದ್ದೂ ಹಿಂಗೇ ಕಣೋ! ನನ್ನ ಅಲಗು ಹಿಂದಿನ ದಿನ ಬಿದ್ದು ಮುರಿದಿತ್ತು. ನಿಮ್ಮತ್ತೆಯ ಮೀನಿನ ಪೆಟ್ಟಿಗೆಯಿಂದ ಅಲಗು ಕದ್ದು ತಂದು ಎಳೆದೆ. ನನ್ನ ಗುರು ಮೂಸಿ ನೋಡಿ, 'ಅಲಗು ಯಾರದೋ ಗೊರಡು ಅವರದು' ಅಂತ ಅವಳ ಕೈಗೇ ಕೊಟ್ರು. ಐವತ್ತೆಂಟು ವರ್ಷ ದಿನಾ ಬೆಳಗ್ಗೆ ಅವಳನ್ನ ಕೇಳಿ ತಗೊಂಡು ಹೋಗ್ತಿದ್ದೆ. ಅವಳು ಹೋದ ಮೇಲೆ ನಂದೇ ಆಯ್ತು ಅಂದ್ಕೊಂಡು ಪಂದ್ಯ ಬೇರೆ ಇಟ್ಟೆ. ಈಗ ಈ ವಾಸನೆ ಬಂತು ನೋಡು, ಅವಳೇ ಬಂದು ಕಿವಿ ಹಿಂಡಿದ ಹಾಗಾಯ್ತು!"

ಬಟ್ಟೆ ಬಿಚ್ಚಿ ಗೊರಡನ್ನು ಎರಡೂ ಕೈಯಲ್ಲಿ ಎತ್ತಿ ಮಗಳಿಗೆ ಕೊಟ್ಟರು. ಮಿನೆಕೊ ಅದನ್ನು ಮಡಿಲಲ್ಲಿಟ್ಟುಕೊಂಡು ಅದರ ಸವೆದ ಬೆನ್ನನ್ನು ಸವರಿದಳು.

"ಮಿನೆಕೊ..." ಯಸುಹಿದೆ ಮೆಲ್ಲಗೆ ಹತ್ತಿರ ಸರಿದ. "ಒಂದ್ಸಲ, ಒಂದೇ ಒಂದ್ಸಲ ಎಳೀಲಾ?"

"ಅದಕ್ಕೇನು, ಕೊಡ್ತೀನಿ. ಈಗ ನನ್ನ ಅಲಗು ಬಿಚ್ಚಿ ಪೆಟ್ಟಿಗೆಗೆ ಹಾಕಿ. ಅಪ್ಪ ಊಟಕ್ಕಿದ್ದಾರೆ, ಮೀನೂ ನೀವೇ ಹೆರೀರಿ."

ಆರು ಮೈಕ್ರಾನಿನ ವೀರ ಅಡುಗೆಮನೆಯಲ್ಲಿ ಮಂಡಿಯೂರಿ ಮೀನು ಹೆರೆಯತೊಡಗಿದ. ತೊಕುಜಿ ಬಾಗಿಲಿಗೆ ಒರಗಿ ನಿಂತು ನೋಡಿದ.

"ಭಾವ, ಇನ್ನೂ ಸ್ವಲ್ಪ ತೆಳ್ಳಗೆ ಬರಲಿ! ಅಪ್ಪನಿಗೆ ಹಲ್ಲಿಲ್ಲ!"