ಲಗ್ನಪತ್ರಿಕೆಯಂಥ ವೆಬ್ ವಿಳಾಸ

೧೯೯೧ರಲ್ಲಿ, ಏಳನೇ ಇಯತ್ತೆಯಲ್ಲಿ, ನಾನು ಶಾಲೆ ಬಿಟ್ಟೆ. ಅಂದಿನಿಂದ ಯಾವ ಕೆಲಸಕ್ಕೂ 'ನನಗೆ ಬರುವುದಿಲ್ಲ' ಎಂದವನಲ್ಲ. ಆಳಂದದಲ್ಲಿ ನಮ್ಮದು ಕಡಕ್ ರೊಟ್ಟಿ ಅಂಗಡಿ. ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಾಳೆ, ನಾನು ಕಟ್ಟಿ ಕಳಿಸುತ್ತೇನೆ.

ಕಂಪ್ಯೂಟರ್ ಅಂಗಡಿಯ ರಫೀಕ್ ಭಾಯಿ ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟರು. ರೊಟ್ಟಿ ಪುಟದ ವಿಳಾಸದ ಕೊನೆಗೆ ಮೂರೇ ಶಬ್ದ: ಕಡಕ್-ರೊಟ್ಟಿ-ಆಳಂದ.

"ಇಷ್ಟೇ ಇರ್ಲಿ ಅಣ್ಣಾರ. ಆಳಂದದ ರೊಟ್ಟಿ ಅಂತ ಹುಡುಕಿದವರಿಗಿ ನೀವು ಲಗೂ ಸಿಗ್ತೀರಿ. ವಿಳಾಸ ಗಿಡ್ಡ ಇದ್ದಷ್ಟೂ ಛಲೋ," ಎಂದು ಹೇಳಿ ಪಾಸ್‌ವರ್ಡನ್ನು ನನ್ನ ಕೈಗಿತ್ತರು. ಅವರು ಮಾಡಿದ ತಪ್ಪು ಅದೊಂದೇ!

ಅದೇ ವಿಳಾಸವನ್ನು ಪಾಕೀಟುಗಳ ಮೇಲೆ ಅಚ್ಚು ಹಾಕಿಸಿ, ಎಲ್ಲರಿಗೂ ಹಂಚಿದೆ. ಅಫಜಲಪುರದ ಅಣ್ಣನ ಫೋನ್ ಬಂತು.

"ಏನ್ಲೇ, ಇದರಾಗ ನನ್ನ ಹೆಸರೇ ಇಲ್ಲ! ನಿನಗ ಮೊದಲನೇ ತವಾ ಕೊಡಿಸಿದವ ಯಾರು?"

ನಿಜವೇ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಬಿಟ್ಟರೆ ಊಟಕ್ಕೂ ಬರದ ಮನೆತನ ನಮ್ಮದು. ವಿಳಾಸಕ್ಕೆ ಅಣ್ಣನ ಹೆಸರು ಸೇರಿಸಿದೆ. ಮರುದಿನ ಜೇವರ್ಗಿ ಕಡೆಯ ಅಂದೋಲಾದಲ್ಲಿರುವ ಕಾಕಾ ಮುನಿಸಿಕೊಂಡರು. 'ಕಾಕಾರ-ಆಶೀರ್ವಾದದಿಂದ' ಎಂದು ಸೇರಿಸಿದೆ. ಮುಂದೆ ಯಾರೂ ತಕರಾರು ತೆಗೆಯಬಾರದೆಂದು 'ಸಕಲ-ಬಂಧು-ಬಳಗ' ಎಂದೂ ಜೋಡಿಸಿದೆ. ವಿಳಾಸ ಮೂರು ಸಾಲಾಯಿತು. ಅಕ್ಷತೆ ಹಾಕುವುದೊಂದೇ ಬಾಕಿ!

ಇತ್ತ ಗಾಣಗಾಪುರದ ಲಾಡ್ಜಿನ ಮಾಲೀಕರು ನಮ್ಮ ರೊಟ್ಟಿಯ ರುಚಿ ನೋಡಿ, "ಹುಣ್ಣಿಮಿಗಿ ಐದುನೂರು ಬೇಕು. ಗುರುವಾರ ವೆಬ್‌ಸೈಟ್‌ನ್ಯಾಗೇ ಆರ್ಡರ್ ಹಾಕ್ತೇನಿ," ಎಂದಿದ್ದರು. ನಮಗೆ ಅಷ್ಟು ದೊಡ್ಡ ಆರ್ಡರ್ ಅದೇ ಮೊದಲು. ಶರಣಮ್ಮ ಹತ್ತು ದಿನ ಮುಂಚಿನಿಂದಲೇ ಬಡಿಯತೊಡಗಿದಳು.

ಗುರುವಾರ ಕಳೆಯಿತು. ಆರ್ಡರ್ ಇಲ್ಲ. ಶುಕ್ರವಾರ ನಾನೇ ಫೋನ್ ಮಾಡಿದೆ.

"ಪಾಕೀಟಿನ ಮ್ಯಾಲಿನ ವಿಳಾಸ ಹೊಡದೆ, 'ಈ ಪುಟ ಇಲ್ಲ' ಅಂತು. ಫೋನ್ ಹಚ್ಚಿದ್ರ ಯಾವಾಗ ನೋಡಿದ್ರೂ ಎಂಗೇಜ್! ಅಂಗಡಿ ಮುಚ್ಚೀರಿ ಅಂತ ಬ್ಯಾರೆಯವರಿಗಿ ಹೇಳಿಬಿಟ್ಟೆ."

ಆ ಹೊತ್ತಿಗೆ ನಾನು ಫೋನಿನಲ್ಲಿ ಕಾಕಾರನ್ನು ಸಮಾಧಾನ ಮಾಡುತ್ತಿದ್ದೆ!

ರಫೀಕ್ ಭಾಯಿ ಹಣೆ ಹಿಡಿದುಕೊಂಡರು. "ಮನಿ ಬದಲಿಸಿದವರು ಹಳೇ ಬಾಗಲಿಗಿ ಚೀಟಿ ಹಚ್ಚಬೇಕಲ್ರಿ? ಹಳೇ ವಿಳಾಸಕ್ಕ ಬಂದವರನ್ನ ಹೊಸದಕ್ಕ ಕಳಸೋ ವ್ಯವಸ್ಥಾ ಇರ್ತದ. ನೀವು ಚೀಟಿನೇ ಹಚ್ಚದ ಮೂರು ಸಲ ಮನಿ ಬದಲಿಸೀರಿ!"

ಶರಣಮ್ಮ ಆ ಮೂರು ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿದಳು.

"ರೀ, ರೊಟ್ಟಿ ಬಡದಾಕಿ ನಾನು. ಇಷ್ಟು ಮಂದ್ಯಾಗ ನನ್ನ ಹೆಸರು ಎಲ್ಲಿ ಅದರಿ?"

ಏಳನೇ ಇಯತ್ತೆಯ ಜಾಣತನವನ್ನೆಲ್ಲ ಸೇರಿಸಿ 'ಸಕಲ-ಬಂಧು-ಬಳಗ'ದ ಮೇಲೆ ಬೆರಳಿಟ್ಟು ತೋರಿಸಿದೆ.

ಹಳೆಯ ಗಿಡ್ಡ ವಿಳಾಸವೇ ಮರಳಿ ಬಂತು. ಹೆಸರು ತೆಗೆದೆನೆಂದು ಅಣ್ಣನಿಗೂ ಕಾಕಾರಿಗೂ ಅಂಜುತ್ತಲೇ ತಿಳಿಸಿದೆ. ಇಬ್ಬರೂ ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ!

ಈಗ ನಮ್ಮಲ್ಲಿ ತವಾ ನಾಲ್ಕು, ವೆಬ್‌ಸೈಟ್ ಒಂದು, ವಿಳಾಸ ಒಂದು. ಮೂರು ಹೊತ್ತೂ ತಿಂದ ಮೇಲೆ ಉಳಿದ ರೊಟ್ಟಿ ಮುನ್ನೂರ ಹನ್ನೆರಡು. ಪಾಸ್‌ವರ್ಡೂ ಒಂದಿದೆ. ಅದು ಶರಣಮ್ಮನ ಹತ್ತಿರ ಇದೆ.